ಸಹಾಯ ಬೇಕು: ತೆಳು ಸ್ಫಟಿಕ ಪದರದ ಸಿಮ್ಯುಲೇಷನ್‌ನಲ್ಲಿ ಒರಟುತನದ ಘಾತಾಂಕ ಸರಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಂಎಸ್‌ಸಿ ಪ್ರಾಜೆಕ್ಟ್‌ಗಾಗಿ ಎಪಿಟ್ಯಾಕ್ಸಿ ಪದರದ (ತಳದ ಸ್ಫಟಿಕದ ಜೋಡಣೆಯನ್ನೇ ಅನುಸರಿಸಿ ಅದರ ಮೇಲೆ ಬೆಳೆಯುವ ತೆಳು ಪದರ) ಬೆಳವಣಿಗೆಯನ್ನು ಸಮೀಕರಣದಲ್ಲಿ ಹಿಡಿಯಲು ನೋಡುತ್ತಿದ್ದೇನೆ. ಮೇಲಿನಿಂದ ಬಿದ್ದ ಪರಮಾಣು ಮೇಲ್ಮೈಯಲ್ಲಿ ಅಲೆದಾಡುತ್ತದೆ, ಆದರೆ ಮೆಟ್ಟಿಲಿನ ಅಂಚಿಗೆ ಬಂದಾಗ ಕೆಳಗಿಳಿಯುವುದು ಕಷ್ಟ. ಈ ಎರ್ಲಿಕ್–ಶ್ವೊಬೆಲ್ ತಡೆಯಿಂದಲೇ ಸಮತಟ್ಟು ಪದರ ಒಡೆದು ದಿಬ್ಬಗಳೇಳುತ್ತವೆ. ನನಗೆ ತುಂಬ ಇಷ್ಟವಾದ ಭಾಗವೇ ಇದು.

ಎತ್ತರದ ಸಮೀಕರಣದಲ್ಲಿ ಎರಡು ಪದಗಳಿವೆ: ಇಳಿಜಾರು m ಇದ್ದಲ್ಲಿ ಏರುಮುಖದ ಹರಿವು m/(1+m²), ಜೊತೆಗೆ ನುಣುಪು ಮಾಡುವ ನಾಲ್ಕನೇ ದರ್ಜೆಯ ಅವಕಲನ. ಮೊದಲು ಸರಳ ಆಯ್ಲರ್ ವಿಧಾನ (ಈ ಕ್ಷಣದ ಬದಲಾವಣೆಯ ದರದಿಂದಲೇ ಮುಂದಿನ ಹೆಜ್ಜೆ ಲೆಕ್ಕ ಹಾಕುವುದು) ಹಾಕಿದೆ. 128×128 ಗ್ರಿಡ್ ಓಡಿತು. ಅದೇ ಕಾಲದ ಹೆಜ್ಜೆಯಲ್ಲಿ 256ಕ್ಕೆ ಹೋದದ್ದೇ ತಡ, ಚಿತ್ರದ ತುಂಬ ಚದುರಂಗದ ಮನೆಗಳಂತೆ ಕಪ್ಪು-ಬಿಳಿ ಚುಕ್ಕೆ, ಆಮೇಲೆ ಎಲ್ಲ ಸಂಖ್ಯೆಯೂ ಹಾಳು. ಗ್ರಿಡ್ ಅಂತರ ಅರ್ಧವಾದರೆ ಕಾಲದ ಹೆಜ್ಜೆ 16 ಪಟ್ಟು ಕಿರಿದಾಗಬೇಕು ಎಂದು ಆಗ ಹೊಳೆಯಿತು.

ಈಗ ಫೂರಿಯೆಯಲ್ಲಿ (ಎತ್ತರವನ್ನು ಅಲೆಗಳ ಮೊತ್ತವಾಗಿ ಬಿಡಿಸಿ) ನಾಲ್ಕನೇ ದರ್ಜೆಯ ಪದವನ್ನು ಇಂಪ್ಲಿಸಿಟ್ ಆಗಿ (ಮುಂದಿನ ಹೆಜ್ಜೆಯ ಬೆಲೆಯಿಂದ), ಹರಿವನ್ನು ಎಕ್ಸ್‌ಪ್ಲಿಸಿಟ್ ಆಗಿ (ಈಗಿನ ಬೆಲೆಯಿಂದ) ತೆಗೆದುಕೊಂಡಿದ್ದೇನೆ. ಸಿಡಿಯುವುದು ನಿಂತಿದೆ. ಆದರೆ ಹೆಜ್ಜೆ ದೊಡ್ಡದಾದರೆ ಒಟ್ಟು ಶಕ್ತಿ ಇಳಿಯುವ ಬದಲು ನಡುನಡುವೆ ಏರುತ್ತದೆ, ಒರಟುತನದ ಘಾತಾಂಕ (ಒರಟುತನ ಕಾಲದ ಎಷ್ಟನೇ ಘಾತದಂತೆ ಬೆಳೆಯುತ್ತದೆ ಎಂಬ ಸಂಖ್ಯೆ) 1/2ರ ಬದಲು 0.4ರ ಸುತ್ತ ಸಿಗುತ್ತಿದೆ.

ಸ್ಥಿರತೆಗೆ ಹೆಚ್ಚುವರಿ ಲ್ಯಾಪ್ಲೇಸ್ ಪದ (ಎರಡನೇ ದರ್ಜೆಯ ಅವಕಲನ) ಸೇರಿಸುವುದಾದರೆ ಅದರ ಗುಣಾಂಕ ಎಷ್ಟಿರಬೇಕು? ಅಥವಾ ನನ್ನ ಸಿಮ್ಯುಲೇಷನ್ ಪೆಟ್ಟಿಗೆಯೇ ಚಿಕ್ಕದಾಗಿ, ಉಳಿದಿರುವ ನಾಲ್ಕೈದು ದಿಬ್ಬಗಳಿಂದ ಲೆಕ್ಕ ತಪ್ಪುತ್ತಿದೆಯೇ? ಇಂಥದ್ದು ಮಾಡಿದವರಿದ್ದರೆ ದಯವಿಟ್ಟು ಹೇಳಿ, ಕೋಡ್ ಪೂರ್ತಿ ಕಳಿಸುತ್ತೇನೆ.