ಸಹಾಯ ಬೇಕು: ಹೆಬ್ರಿ ಪರಿಸರದಲ್ಲಿ ಪತಂಗಗಳ ರಾತ್ರಿ ವೀಕ್ಷಣೆ

ಮಾನ್ಯರೇ, ಸೋಮೇಶ್ವರ ಅಭಯಾರಣ್ಯದ ಹೊರಗೆ, ಹೆಬ್ರಿ ಸಮೀಪದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಬಿಳಿ ಬಟ್ಟೆ ಕಟ್ಟಿ, ನೇರಳಾತೀತ ದೀಪ ಉರಿಸಿ, ಯಾವ ಪತಂಗ ರಾತ್ರಿಯ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ದಾಖಲಿಸುತ್ತಿದ್ದೇನೆ. ಹಾಕ್ ಪತಂಗಗಳಲ್ಲಿ ಹಲವು ಮುಸ್ಸಂಜೆಯಲ್ಲೇ ಹೂವು ಹುಡುಕಿ ಹೊರಡುತ್ತವೆ. ಪ್ರೌಢಾವಸ್ಥೆಯಲ್ಲಿ ಆಹಾರವನ್ನೇ ಸೇವಿಸದ ಅಟ್ಲಾಸ್ ಪತಂಗಕ್ಕೆ ಆ ಅವಸರವಿಲ್ಲ. ತೊಡಕಿರುವುದು ಎಣಿಕೆಯಲ್ಲಿ. ಮೊದಲೇ ಬಂದು ಕುಳಿತವುಗಳಲ್ಲಿ ಅನೇಕವು ಬೆಳಗಿನವರೆಗೂ ಕದಲದ ಕಾರಣ ಹೊಸದಾಗಿ ಬಂದವನ್ನು ಬೇರ್ಪಡಿಸುವುದು ಕಷ್ಟವಾಗುತ್ತಿದೆ. ಬೆಳದಿಂಗಳಿದ್ದರಂತೂ ದೀಪದ ಸೆಳೆತವೇ ಕುಗ್ಗುವುದರಿಂದ, ಸಂಖ್ಯೆ ಇಳಿದ ಮಾತ್ರಕ್ಕೆ ಹಾರಾಟವೂ ಇಳಿಯಿತೆಂದು ಹೇಳಲಾಗದು. ಉಡುಪಿ, ಮಂಗಳೂರು ಕಡೆಯ ಅನುಭವಿಗಳು ತಮ್ಮ ಎಣಿಕೆಯ ವಿಧಾನವನ್ನು ತಿಳಿಸಬೇಕಾಗಿಯೂ, ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಜೊತೆಗಿರಬೇಕಾಗಿಯೂ ವಿನಂತಿ. ಊಟ, ವಸತಿ ನಮ್ಮಲ್ಲೇ. ಜಿಗಣೆಗಳಿಗೆ ಮಾತ್ರ ಸಿದ್ಧರಾಗಿ ಬನ್ನಿ.