ಸಹಾಯ ಬೇಕು: ಅಕ್ವೇರಿಯಂ ಆರ್‌ಒ ನೀರಿನ ಟಿಡಿಎಸ್ ಏರಿದೆ

ನಮಸ್ಕಾರ. ನಮ್ಮದು ಗದಗ. ಮನೆಯ ಬೋರ್ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಪ್ರಮಾಣ) 1400. ಡಿಸ್ಕಸ್ ಮೀನಿಗೆ ಅದು ಆಗಲ್ಲ ಅಲ್ವಾ, ಅದಕ್ಕೇ ಅಕ್ವೇರಿಯಂಗೆ ಅಂತಲೇ ಬೇರೆ ಆರ್‌ಒ ಹಾಕಿಸಿದ್ದೇವೆ. ಮೊದಲು 80ರ ಹತ್ತಿರ ಬರುತ್ತಿತ್ತು, ಈಗ 350 ದಾಟಿದೆ. ಶುದ್ಧ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸುವ ಟಿಡಿಎಸ್ ಅಡ್ಜಸ್ಟರ್ ಪೂರ್ತಿ ಬಂದ್ ಇದೆ. ಸೆಡಿಮೆಂಟ್, ಕಾರ್ಬನ್ ಫಿಲ್ಟರ್ ಎರಡೂ ಹೊಸವು. ಆದರೆ ವೇಸ್ಟ್ ಪೈಪಿನಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿದೆ, ಶುದ್ಧ ನೀರಿಗಿಂತಲೂ ಕಡಿಮೆ. ವೇಸ್ಟ್ ನೀರಿನ ಹರಿವನ್ನು ಮಿತಿಯಲ್ಲಿಡುವ ಫ್ಲೋ ರಿಸ್ಟ್ರಿಕ್ಟರ್‌ನಲ್ಲಿ ಸುಣ್ಣ ಕಟ್ಟಿದೆ ಅಂತ ನನ್ನ ಗುಮಾನಿ. ರಿಪೇರಿಯವರು ಸುಮ್ನೆ ಮೆಂಬ್ರೇನ್ (ಲವಣ ಸೋಸುವ ಪೊರೆ) ಬದಲಿಸಿ ಅನ್ನುತ್ತಾರೆ. ರಿಸ್ಟ್ರಿಕ್ಟರ್ ಹಾಗೇ ಬಿಟ್ಟರೆ ಹೊಸ ಮೆಂಬ್ರೇನ್ ಕೂಡ ಬೇಗ ಕೆಡುತ್ತದೆ. ಮೊದಲು ರಿಸ್ಟ್ರಿಕ್ಟರ್ ಒಂದನ್ನೇ ಬದಲಿಸಿ ನೋಡಲೇ? 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್‌ಗೆ ಯಾವ ಸೈಜಿನದು ಸರಿ? ಹುಬ್ಬಳ್ಳಿಯಲ್ಲಿ ಬಿಡಿ ಭಾಗ ಸಿಗುವ ಅಂಗಡಿ ಗೊತ್ತಿದ್ದರೂ ತಿಳಿಸಿ.