ಯೂರೈಲ್ ಪಾಸ್ ತಗೊಳ್ಳಲಾ, ಬಿಡಿ ಟಿಕೆಟ್ ತಗೊಳ್ಳಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ, 8 ವರ್ಷದ ಮಗಳು ಮತ್ತು 63 ವರ್ಷದ ಅಮ್ಮ ಯೂರೋಪಿಗೆ ಹೊರಟಿದ್ದೇವೆ. ಅಮ್ಮನಿಗೆ ಇದು ಮೊದಲ ವಿದೇಶ ಪ್ರವಾಸ. ಪ್ಯಾರಿಸ್, ಜ್ಯೂರಿಕ್, ವಿಯೆನ್ನಾ, ವೆನಿಸ್, ರೋಮ್, ಹೀಗೆ ನಾಲ್ಕು ರೈಲು ಪ್ರಯಾಣ.

ಯೂರೋಪಿನ ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸ್ ಆಗಿರುವ ಯೂರೈಲ್ ಗ್ಲೋಬಲ್ ಪಾಸ್‌ನಲ್ಲಿ, ಒಂದು ತಿಂಗಳೊಳಗೆ ಯಾವುದಾದರೂ 4 ದಿನ ಓಡಾಡುವ ಪಾಸ್ ಇದೆ. ಅಮ್ಮನಿಗೆ 60 ದಾಟಿರುವುದರಿಂದ 10% ರಿಯಾಯಿತಿ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ. ಇಷ್ಟು ನೋಡಿ ಪಾಸೇ ಲಾಭ ಅಂದುಕೊಂಡಿದ್ದೆ.

ಆದರೆ ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ ಥರದ ವೇಗದ ರೈಲುಗಳಲ್ಲಿ ಸೀಟು ಕಾಯ್ದಿರಿಸಲೇಬೇಕು. ಅದಕ್ಕೆ ಬೇರೆ ದುಡ್ಡು. ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಹೋಗುವ ರೈಲ್‌ಜೆಟ್‌ನಲ್ಲಿ ಮಾತ್ರ ಕಡ್ಡಾಯವಲ್ಲ.

ಎರಡು ದಿನ ಕೂತು ಬಿಡಿ ಟಿಕೆಟ್ ದರಗಳನ್ನೂ ಬರೆದುಕೊಂಡೆ. ಬೇಗ ತಗೊಂಡರೆ ತುಂಬಾ ಕಡಿಮೆ. ವೆನಿಸ್-ರೋಮ್ ಟಿಕೆಟ್ ಅಂತೂ ಪಾಸ್‌ನ ಒಂದು ದಿನದ ಲೆಕ್ಕಕ್ಕಿಂತ ಅಗ್ಗ. ಆದರೆ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ರೈಲು ತಪ್ಪಿದರೆ ದುಡ್ಡು ಹೋದಂತೆಯೇ. ಅಮ್ಮನಿಗೆ ಮಂಡಿನೋವು ಬೇರೆ, ಓಡಿ ರೈಲು ಹತ್ತೋಕೆ ಆಗಲ್ಲ. ಈ ಭಯಕ್ಕೇ ಪಾಸ್ ಕಡೆ ಮನಸ್ಸು ಎಳೆಯುತ್ತಿದೆ.

ಗೊಂದಲ ಇಷ್ಟೇ. ಮಗಳ ಪಾಸ್ ಉಚಿತವಾದರೂ ಅವಳ ಸೀಟಿಗೆ ರಿಸರ್ವೇಶನ್ ದುಡ್ಡು ಕಟ್ಟಬೇಕಲ್ವಾ? ಅದನ್ನೂ ಸೇರಿಸಿದರೆ, ನಾಲ್ಕೇ ಪ್ರಯಾಣಕ್ಕೆ ನಾಲ್ಕು ಜನಕ್ಕೆ ಪಾಸ್ ನಿಜವಾಗಿಯೂ ಉಳಿತಾಯವಾ? ಕುಟುಂಬದ ಜೊತೆ ಹೋಗಿ ಬಂದವರು ನೀವು ಯಾವುದು ತಗೊಂಡಿರಿ, ಒಟ್ಟು ಎಷ್ಟಾಯಿತು ಅಂತ ದಯವಿಟ್ಟು ತಿಳಿಸಿ.